ನಾಗವೇಣಿಯ ಬಿಡುವಿನ ವೇಳೆ

ನಾಗವೇಣಿಗೆ ಅವಳದೇ ಹೆಸರಿನಲ್ಲಿ ಬರುತ್ತಿದ್ದುದು ಒಂದೇ ಟಪಾಲು. ಅದನ್ನು ಕಳಿಸುತ್ತಿದ್ದವಳೂ ಅವಳೇ.

ಸೂರತ್ತಿನ ಉಧ್ನಾದಲ್ಲಿ ಮನಹರಭಾಯಿಯವರ ಸೀರೆ ಕಂಪನಿ. ಅಂಚೆಯಲ್ಲಿ ಕ್ಯಾಟಲಾಗ್ ಕಳಿಸಿ ಊರೂರಿಗೆ ಸೀರೆ ಮಾರುತ್ತಿದ್ದರು. ತೊಂಬತ್ತಾರರಲ್ಲಿ ಮುಂಬಯಿಯಿಂದ ದೊಡ್ಡದೊಂದು ಮಾರ್ಕೆಟಿಂಗ್ ಸಾಫ್ಟ್‌ವೇರ್ ತರಿಸಿದರು. ಯಾರು ಏನು ಕೊಂಡರು, ಯಾರಿಗೆ ಯಾವಾಗ ಏನು ಕಳಿಸಬೇಕು, ಯಾರು ಉತ್ತರಿಸಿದರು, ಎಲ್ಲವನ್ನೂ ಅದು ನೆನಪಿಡಬಲ್ಲದು. ಆಫೀಸಿನವರು ಮಾತ್ರ ಅದರಲ್ಲಿ ವಿಳಾಸದ ಚೀಟಿ ಮುದ್ರಿಸುತ್ತ ಕೂತಿದ್ದರು. ಬ್ಯಾಂಕಿನ ವರ್ಗಾವಣೆಯಲ್ಲಿ ಗಂಡ ಕೇಶವನೊಂದಿಗೆ ದಾವಣಗೆರೆಯಿಂದ ಬಂದು, ಕಂಪ್ಯೂಟರ್ ಕೋರ್ಸ್ ಮುಗಿಸಿದ್ದ ನಾಗವೇಣಿ ಅಲ್ಲಿ ಅರ್ಧ ದಿನದ ಕೆಲಸಕ್ಕೆ ಸೇರಿದಳು.

ಗಿರಾಕಿಗಳ ಪಟ್ಟಿ ನೋಡಿದರೆ ಎಲ್ಲ ಗಂಡಸರ ಹೆಸರು.

“ಮನಹರಭಾಯ್, ಸೀರೆ ಉಡೋರು ಇವರಾ?”

“ಮನಿಯಾರ್ಡರ್ ಮಾಡೋರು ಇವರೇ, ಬೆನ್!” ಹೆಂಗಸರನ್ನೆಲ್ಲ ಅವರು ಹಾಗೇ ಕರೆಯುತ್ತಿದ್ದರು, ಅಕ್ಕ ಅಂದಂತೆ.

“ಆರಿಸೋರು ಯಾರು ಅಂತ ಕೇಳೋಣ.”

ಕ್ಯಾಟಲಾಗಿನೊಳಗೆ ಅವಳು ಒಂದು ಉತ್ತರದ ಕಾರ್ಡು ಇಡಿಸಿದಳು. ಸೀರೆ ಆರಿಸುವವರ ಹೆಸರು, ಮನೆಯಲ್ಲಿ ಬರಲಿರುವ ಸಮಾರಂಭ, ಫೋನ್ ನಂಬರು, ಮಾತಾಡಲು ಬಿಡುವಿನ ವೇಳೆ. ಬಂದ ಕಾರ್ಡುಗಳನ್ನೆಲ್ಲ ಸಾಫ್ಟ್‌ವೇರಿಗೆ ತುಂಬಿದಳು. ಕೊನೆಯ ಸಾಲಿನಲ್ಲಿ ನವಸಾರಿಯಿಂದ ಭುಜ್‌ವರೆಗೆ ಹೆಂಗಸರು ಬರೆದಿದ್ದು ಒಂದೇ: ಎರಡರಿಂದ ನಾಲ್ಕು. ಪಾತ್ರೆ ತೊಳೆದಾದ ಮೇಲೆ, ಮಕ್ಕಳು ಶಾಲೆಯಿಂದ ಬರುವ ಮೊದಲು. ಆ ಹೊತ್ತಿಗೇ ಫೋನು ಮಾಡಿದಳು. ಮದುವೆಯಿದ್ದ ಮನೆಗೆ ಎರಡು ತಿಂಗಳು ಮೊದಲೇ ಕ್ಯಾಟಲಾಗ್ ಹೋಗುವಂತೆ ಮಾಡಿದಳು. ಆ ದೀಪಾವಳಿಗೆ ಪ್ಯಾಕಿಂಗಿಗೆ ಇನ್ನೂ ನಾಲ್ವರು ಬೇಕಾದರು. ಕಳಿಸಿದ್ದು ಸರಿಯಾದ ದಿನ ತಲುಪುತ್ತದೆಯೇ ಎಂದು ತಿಳಿಯಲು ತನ್ನ ಹೆಸರನ್ನೂ ಪಟ್ಟಿಗೆ ಸೇರಿಸಿದ್ದಳು.

ತೊಂಬತ್ತೆಂಟರಲ್ಲಿ ಕೇಶವನಿಗೆ ಅಹಮದಾಬಾದಿಗೆ ವರ್ಗವಾಯಿತು. ಕೊನೆಯ ದಿನ ಅವಳು ಪಟ್ಟಿಯಲ್ಲಿ ತನ್ನ ವಿಳಾಸ ಬದಲಿಸಿ ಅಹಮದಾಬಾದಿನ ಮಣಿನಗರ ಎಂದು ಟೈಪ್ ಮಾಡಿದಳು. “ಅಹಮದಾಬಾದಿನಲ್ಲೂ ಆಫೀಸು ತೆರೀತೀನಿ ಬೆನ್, ಕಂಪ್ಯೂಟರ್ ಮುಂದೆ ನೀವೇ ಕೂರಬೇಕು, ಫೋನ್ ಮಾಡ್ತೀನಿ” ಎಂದರು ಮನಹರಭಾಯ್. ಹೊಸ ಮನೆಯಲ್ಲಿ ಫೋನಿರಲಿಲ್ಲ, ಕೇಶವನ ಬ್ಯಾಂಕಿನ ಫೋನ್ ನಂಬರು ಕೊಟ್ಟು ಬಂದಳು.

ಐದು ತಿಂಗಳು ಕಳೆಯಿತು. ಮಹಡಿಯ ಮೇಲೆ ಬಟ್ಟೆ ಹರವುವಾಗಲೂ ಲೆಕ್ಕ ಅದೇ: ಎದುರು ಮನೆಯ ಮಗಳ ಮದುವೆ ಮಾಘದಲ್ಲಿ, ಮಾರ್ಗಶಿರದೊಳಗೆ ಕ್ಯಾಟಲಾಗ್ ಹೋಗಬೇಕು. ಕಳಿಸಲು ಕಂಪ್ಯೂಟರಿರಲಿಲ್ಲ.

“ರೀ, ಫೋನ್ ಬಂತಾ?”

“ಬಂದಿದ್ರೆ ಹೇಳ್ತಿರ್ಲಿಲ್ವೇನೆ? ನೀನು ಟೈಂಪಾಸ್‌ಗೆ ಹೋಗ್ತಿದ್ದೆ, ಅದಕ್ಕೆ ಇಷ್ಟು ಕೊರಗ್ತೀಯಾ? ಮನೇಲಿ ಆರಾಮಾಗಿರು. ಇನ್ನೊಂದು ರೊಟ್ಟಿ ಹಾಕು.”

ದೀಪಾವಳಿಗೆ ಸರಿಯಾಗಿ ಇಪ್ಪತ್ತೊಂದು ದಿನವಿದ್ದಾಗ, ಕ್ಯಾಟಲಾಗ್ ತಲುಪಲೆಂದು ಅವಳೇ ಸಾಫ್ಟ್‌ವೇರಿನಲ್ಲಿ ಗೊತ್ತುಮಾಡಿಟ್ಟಿದ್ದ ದಿನ, ಶಾಲೆಯಿಂದ ಬಂದ ಮಗಳು ಪೂರ್ವಿ ಲಕೋಟೆ ಹಿಡಿದು ಓಡಿಬಂದಳು.

“ಮಮ್ಮಿ, ತುಮ್ಹಾರೇ ನಾಮ್ ಪೇ ಆಯಾ ಹೈ! ನಿನ್ನ ಹೆಸರಿಗೇ ಬಂದಿದೆ!”

ಕ್ಯಾಟಲಾಗಿನ ಹಿಂಬದಿಯಲ್ಲಿ ದಪ್ಪಕ್ಷರ: ಅಹಮದಾಬಾದಿನಲ್ಲಿ ನಮ್ಮ ಹೊಸ ಆಫೀಸು, ರಿಲೀಫ್ ರೋಡ್. ಕೆಳಗಿದ್ದ ತಾರೀಕು ನೋಡಿದರೆ ತೆರೆದು ತಿಂಗಳಾಗಿತ್ತು. ಎಲ್ಲವೂ ಅವಳು ಹೇಳಿಕೊಟ್ಟಂತೆಯೇ ನಡೆಯುತ್ತಿತ್ತು, ಅವಳಿಲ್ಲದೆ.

ಬಹಳ ಹೊತ್ತು ಆ ವಿಳಾಸವನ್ನೇ ನೋಡಿದಳು. ಆಮೇಲೆ ಉತ್ತರದ ಕಾರ್ಡು ತೆಗೆದು ತನ್ನ ಹೆಸರು ಬರೆದಳು. ಸಮಾರಂಭ: ನಿಮ್ಮ ಹೊಸ ಆಫೀಸು. ಬಿಡುವಿನ ವೇಳೆಗೆ ಬಂದಾಗ ಕೈ ತಾನಾಗಿಯೇ ‘ಎರಡರಿಂದ’ ಎಂದು ಬರೆಯಿತು. ಅದನ್ನು ಹೊಡೆದುಹಾಕಿ ಬರೆದಳು: ಬೆಳಿಗ್ಗೆ ಹತ್ತರಿಂದ ಸಂಜೆ ಆರು.

ಅಂಚೆಗೆ ಹಾಕಲು ಮನಸ್ಸಾಗಲಿಲ್ಲ. ಕಾರ್ಡು ಕೈಯಲ್ಲೇ ಹಿಡಿದು ಚಪ್ಪಲಿ ಮೆಟ್ಟಿದಳು.

“ಮಮ್ಮಿ, ಗ್ಯಾಸ್ ಮೇಲೆ ಹಾಲಿದೆ!”

“ನೀನೇ ಆರಿಸು ಪುಟ್ಟಿ. ಅಪ್ಪ ಬಂದ್ರೆ ಆಫೀಸಿಗೆ ಹೋಗಿದಾಳೆ ಅನ್ನು.”