ಗುಂಡು ತುಂಬುವ ಯಂತ್ರಕ್ಕೆ ಅಕ್ಷತೆ

ಲೊಂಬಾರ್ಡ್‌ನಲ್ಲಿರುವ ನಮ್ಮಣ್ಣನ ಗರಾಜಿನಲ್ಲಿ ಪಿಸ್ತೂಲಿನ ಕಾಡತೂಸು ತುಂಬುವ ಯಂತ್ರವಿದೆ. ಹಿಡಿಯನ್ನು ಒಮ್ಮೆ ಎಳೆದು ಬಿಟ್ಟರೆ ದುಂಡು ತಟ್ಟೆ ಒಂದು ಹೆಜ್ಜೆ ತಿರುಗುತ್ತದೆ. ಅದರ ಮೇಲಿನ ಒಂದು ಹಿತ್ತಾಳೆ ಕೇಸಿಗೆ, ಅಂದರೆ ಕಾಡತೂಸಿನ ಖಾಲಿ ಕೊಳವೆಗೆ, ಮದ್ದು ಬೀಳುತ್ತದೆ, ಅದರ ಮುಂದಿನದಕ್ಕೆ ಗುಂಡು ಕೂರುತ್ತದೆ. ತಟ್ಟೆ ತಿರುಗದೆ ಹಿಡಿ ಮತ್ತೆ ಇಳಿದರೆ ಅದೇ ಕೇಸಿಗೆ ಎರಡನೆಯ ಸಲ ಮದ್ದು ಬೀಳುತ್ತದೆ. ಅಂಥ ಒಂದು ಕಾಡತೂಸು ಸಾಕು, ಪಿಸ್ತೂಲು ಕೈಯಲ್ಲೇ ಸಿಡಿಯಲು. ಆ ಪಿಸ್ತೂಲು ಹಿಡಿಯುವವಳು ಅಣ್ಣನ ಮಗಳು. ಅವಳು ಸ್ಪರ್ಧೆಗಳಿಗೆ ಹೋಗುತ್ತಾಳೆ.

ಅಣ್ಣ ಯಂತ್ರವನ್ನು ಶ್ರದ್ಧೆಯಿಂದ ನೋಡಿಕೊಳ್ಳುತ್ತಾನೆ. ತಟ್ಟೆಯಡಿಯ ಕಸ ತೆಗೆಯುತ್ತಾನೆ, ಎಣ್ಣೆ ಬಿಡುತ್ತಾನೆ, ಸಡಿಲಾದ ಬೋಲ್ಟ್ ಬಿಗಿಯುತ್ತಾನೆ. ಹಿಡಿ ಸಿಕ್ಕಿಕೊಂಡರೆ ಬಲ ಹಾಕಬಾರದು, ನಿಲ್ಲಿಸಿ ನೋಡಬೇಕು ಎಂಬುದು ಅವನದೇ ನಿಯಮ.

ಒಂದು ವರ್ಷ ಆಯುಧಪೂಜೆಗೆ ನಾನು ಅವರ ಮನೆಗೆ ಹೋಗಿದ್ದೆ. ಮರುದಿನವೇ ಡೆಟ್ರಾಯಿಟ್ ಬಳಿ ಅಣ್ಣನ ಮಗಳಿಗೆ ಸ್ಪರ್ಧೆಯಿತ್ತು. ಬೇಸಿಗೆಯಿಡೀ ಅವಳು ಅದಕ್ಕೆಂದೇ ಅಭ್ಯಾಸ ಮಾಡಿದ್ದಳು. ಬೆಳಿಗ್ಗೆ ಅತ್ತಿಗೆ ಕಾರಿಗೆ, ಹಿಮ ತೆಗೆಯುವ ಯಂತ್ರಕ್ಕೆ ಅರಿಶಿನ ಕುಂಕುಮ ಇಟ್ಟು ಕಾಡತೂಸಿನ ಯಂತ್ರದ ಮೇಲೂ ಅಕ್ಷತೆ ಹಾಕಿದರು.

"ಸ್ನೋ ಬ್ಲೋವರ್‌ಗೆ ವರ್ಷಾ ವರ್ಷಾ ಪೂಜೆ ಮಾಡ್ತೀನಿ, ಒಂದಿನಾನೂ ನೆಟ್ಟಗೆ ಸ್ಟಾರ್ಟ್ ಆಗಲ್ಲ. ಇದಕ್ಕಾದ್ರೂ ಮರ್ಯಾದೆ ಇರ್ಲಿ," ಎಂದರು.

ಅಣ್ಣ ಮಧ್ಯಾಹ್ನ ಕೂತು ಸ್ಪರ್ಧೆಗೆ ಬೇಕಾದ ಕಾಡತೂಸುಗಳ ಡಬ್ಬಿ ತುಂಬಿಸಿದ. ಸಂಜೆ ಹೊರಡುವ ಮೊದಲು ಯಂತ್ರ ಒರೆಸುವಾಗ ತಟ್ಟೆಯಡಿ ಅರೆದುಹೋದ ಒಂದು ಹಳದಿ ಅಕ್ಕಿಕಾಳು ಸಿಕ್ಕಿತು. ಅವನು ಅದನ್ನೇ ನೋಡುತ್ತ ನಿಂತ.

"ಹಿಡಿ ಒಂದ್ಸಲ ಸಿಕ್ಕಾಕ್ಕೊಂಡಿತ್ತು," ಎಂದ. "ಹೊತ್ತಾಯ್ತು ಅಂತ ಮತ್ತೆ ಎಳೆದೆ. ಬಿಡ್ತು."

"ನನ್ನ ಅಕ್ಷತೆಯಿಂದಾನಾ?" ಅತ್ತಿಗೆಯ ದನಿ ಇಳಿದಿತ್ತು.

"ಅದು ಸುಮ್ನೆ ಕೂತಿತ್ತು ಕಣೇ. ಎಳೆದೋನು ನಾನು."

ಮಗಳು ಡಬ್ಬಿ ಕೈಗೆತ್ತಿಕೊಂಡು ತೂಗಿ ನೋಡಿದಳು. "ಕಾಂಟ್ ವೀ ಜಸ್ಟ್ ವೇ ದೆಮ್, ಡ್ಯಾಡ್?"

"ಕೇಸ್‌ಗಳೇ ಒಂದೊಂದು ಒಂದೊಂದು ತೂಕ ಪುಟ್ಟಿ. ಅದರಲ್ಲಿ ಚೂರು ಮದ್ದಿನ ತೂಕ ಗೊತ್ತಾಗಲ್ಲ. ಅಂಗಡೀದು ತಗೊಂಡು ಹೋಗೋಣ."

"ಮೈ ಗನ್ ಈಸ್ ಸೆಟ್ ಫಾರ್ ದೀಸ್," ಎಂದಳು. ಡಬ್ಬಿಯನ್ನು ಅಣ್ಣನ ಕೈಗೆ ಕೊಟ್ಟಳು. ಆಮೇಲೆ ಅವಳು ಸ್ಪರ್ಧೆಗೆಂದು ಕಾರಿನಲ್ಲಿಟ್ಟಿದ್ದ ತನ್ನ ಬ್ಯಾಗನ್ನು ಇಳಿಸಿಕೊಂಡು ಬಂದಳು.

ಕಾಡತೂಸನ್ನು ಬಿಚ್ಚಲು ಸುತ್ತಿಗೆಯಂಥ ಸಾಧನವೊಂದಿದೆ. ಅದರೊಳಗಿಟ್ಟು ಕುಟ್ಟಿದರೆ ಗುಂಡು ಕಳಚಿಕೊಳ್ಳುತ್ತದೆ. ಅವಳೂ ಅಣ್ಣನೂ ಸರದಿಯಲ್ಲಿ ಕುಟ್ಟಿದರು. ನಾನು ಒಂದೊಂದರ ಮದ್ದನ್ನೂ ಬಟ್ಟಲಿಗೆ ಸುರಿದು ನೋಡುತ್ತಿದ್ದೆ. ಒಂದರಿಂದ ಬಿದ್ದ ಮದ್ದು ಉಳಿದವಕ್ಕಿಂತ ಎರಡು ಪಟ್ಟಿತ್ತು. ಅಣ್ಣ ಬಟ್ಟಲು ಇಸಿದುಕೊಂಡು ದೀಪದಡಿ ಹಿಡಿದ. ಅವಳು ಅದನ್ನು ನೋಡಿ, ತನ್ನ ಬಲಗೈಯನ್ನು ಜಾಕೆಟ್ಟಿನ ಜೇಬಿಗೆ ಇಳಿಸಿಕೊಂಡಳು.

ಮರುವರ್ಷದ ಪೂಜೆಗೂ ನಾನು ಹೋಗಿದ್ದೆ. ಯಂತ್ರದ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿತ್ತು. ಅತ್ತಿಗೆ ಅಕ್ಷತೆಯನ್ನು ಅದರ ಮೇಲೇ ಹಾಕಿ ಕೈಮುಗಿದರು. ಆಮೇಲೆ ಮಗಳು ಬೆಡ್‌ಶೀಟನ್ನು ನಾಲ್ಕು ಮೂಲೆ ಸೇರಿಸಿ ಎತ್ತಿ, ಹುಲ್ಲಿನ ಮೇಲೆ ಕೊಡವಿ ಬಂದಳು. ಟಾರ್ಚ್ ಹಿಡಿದು ತಟ್ಟೆಯಡಿ ಬಗ್ಗಿ ನೋಡಿದಳು. ಅವಳು "ಓಕೆ" ಎನ್ನುವವರೆಗೆ ಅಣ್ಣ ಹಿಡಿ ಮುಟ್ಟಲಿಲ್ಲ.