ಹೈಜಾಕಿಂಗ್ ಎಂದು ನಾನು ಟೈಪು ಮಾಡಿದ ದಿನ

ಹೈಜಾಕಿಂಗ್ ಎಂದರೆ ಈಗಿನವರಿಗೆ ವಿಮಾನ ನೆನಪಾಗುತ್ತದೆ. ನಾನು ಆ ಪದವನ್ನು ಕಲಿತಾಗ ಅದಕ್ಕೆ ರೆಕ್ಕೆ ಬಂದಿರಲಿಲ್ಲ. ಅದು ಲಾರಿಗಳಿಗೆ ಸಂಬಂಧಿಸಿದ ಮಾತಾಗಿತ್ತು. ಮುಂಬಯಿಯಲ್ಲಿ ಅದನ್ನು ಕೇಳಿದವರೇ ಕಡಿಮೆ.

ಐವತ್ತರ ದಶಕದ ನಡುವೆ ನಾನು ಮಸೀದಿ ಬಂದರಿನ ಒಂದು ಲಾರಿ ಆಫೀಸಿನಲ್ಲಿ ಟೈಪಿಸ್ಟನಾಗಿದ್ದೆ. ಹುಬ್ಬಳ್ಳಿ, ಬೆಳಗಾವಿ ಕಡೆಯ ಮಾಲು ನಮ್ಮಲ್ಲಿಗೆ ಬರುತ್ತಿತ್ತು. ನಾನು ಧಾರವಾಡದವನು. ನಮ್ಮ ತಂದೆ ಶಾಲೆಯ ಮಾಸ್ತರರು. ಮನೆಯಲ್ಲಿ ಐದಕ್ಕೆ ಏಳುವುದು, ಆರಕ್ಕೆ ಓದು, ಎಂಟಕ್ಕೆ ಊಟ. ಯಾವ ಕಾಗದ ಬರೆದರೂ ಒಂದು ಕಾಲಮ್ಮು ಖಾಲಿ ಬಿಡಬಾರದು, ಬರೆಯಲು ಏನೂ ಇಲ್ಲದಿದ್ದರೆ 'ಇಲ್ಲ' ಎಂದಾದರೂ ಬರೆಯಬೇಕು ಎಂಬುದು ಅವರ ಕಟ್ಟಳೆ. ಆಫೀಸಿನಲ್ಲಿ ನನಗೆ ಒಳ್ಳೆಯ ಹೆಸರಿದ್ದದ್ದು ಇದರಿಂದಲೇ. ಬಂದ ಪ್ರತಿ ಚೀಟಿಗೂ ತಾರೀಖಿನ ಮುದ್ರೆ ಒತ್ತಿ, ತೂತು ಕೊರೆದು, ಫೈಲಿಗೆ ಸೇರಿಸುತ್ತಿದ್ದೆ.

ನಮ್ಮ ಹಳೆಯ ಡ್ರೈವರುಗಳಲ್ಲಿ ಒಬ್ಬ ವಿಜಾಪುರದ ಕಡೆಯವನು. ನನಗಿಂತ ಹದಿನೈದು ವರ್ಷ ದೊಡ್ಡವನಿದ್ದರೂ ನನ್ನನ್ನು 'ಟೈಪಿನ ರಾಯರ' ಎಂದು ಕರೆಯುತ್ತಿದ್ದ. ಓದು ಬರಹ ಬರುತ್ತಿರಲಿಲ್ಲ. ಅವನ ಲಾರಿಯ ಸೆಲ್ಫ್ ಸ್ಟಾರ್ಟರು ಕೆಟ್ಟು ಬಹಳ ದಿನವಾಗಿತ್ತು. ಇಂಜಿನ್ ಆರಿದರೆ ಮುಂದೆ ಕಬ್ಬಿಣದ ಹ್ಯಾಂಡಲ್ಲು ಹಾಕಿ ಇಬ್ಬರು ತಿರುಗಿಸಬೇಕು. ರಿಪೇರಿ ಮಾಡಿಸಿ ಕೊಡಿ ಎಂದು ಅವನು ಯಾರ ಕೈಯಲ್ಲೋ ಚೀಟಿ ಬರೆಸಿ ತಂದು ನನಗೆ ಕೊಡುತ್ತಿದ್ದ. ಮೂರು ಚೀಟಿ ಕೊಟ್ಟಿದ್ದ. ಮೂರಕ್ಕೂ ಮುದ್ರೆ ಒತ್ತಿ ಫೈಲಿಗೆ ಹಾಕಿದ್ದೆ. ಮ್ಯಾನೇಜರರು ನೋಡಿದ್ದರು. ರಿಪೇರಿಯಾಗಿರಲಿಲ್ಲ.

ಪುಣೆಯ ಘಾಟು ಇಳಿದು ಬರುವ ಡ್ರೈವರುಗಳಿಗೆ ಆಗ ಒಂದು ಪದ್ಧತಿ ಇತ್ತು. ಠಾಣೆ ಊರು ದಾಟಿ ಮುಲುಂಡ್ ಮುಟ್ಟುವ ಮೊದಲು ರಸ್ತೆ ಪಕ್ಕ ದೇವಿಯ ಒಂದು ಸಣ್ಣ ಗುಡಿ. ಘಾಟಿನಿಂದ ಜೀವಂತ ಬಂದದ್ದಕ್ಕೆ ಅಲ್ಲಿ ಇಳಿದು ಒಂದು ತೆಂಗಿನಕಾಯಿ ಒಡೆಯಬೇಕು. ಚಪ್ಪಲಿಯನ್ನು ದೇವಿಯ ಎದುರಿಗೆ ಬಿಡುವಂತಿಲ್ಲ, ಗಾಡಿಯಲ್ಲೇ ಬಿಟ್ಟು ಬರಿಗಾಲಲ್ಲಿ ಇಳಿಯಬೇಕು. ಇದನ್ನು ಮಾಡದೆ ಮುಂದೆ ಹೋದ ಡ್ರೈವರನ್ನು ನಾನು ಕಂಡಿಲ್ಲ.

ಒಂದು ಸೋಮವಾರ ಒಂಬತ್ತಕ್ಕೆ ನಾನು ಟೈಪ್‌ರೈಟರಿನ ಮುಸುಕು ತೆಗೆಯುತ್ತಿದ್ದೆ. ಈ ಡ್ರೈವರು ಬಾಗಿಲಲ್ಲಿ ಬಂದು ನಿಂತ. ಲಾರಿ ಇರಲಿಲ್ಲ. ಬಲಗೈಯನ್ನು ಅಂಗಿಯ ತುಂಡಿನಲ್ಲಿ ಸುತ್ತಿದ್ದ. ಬಟ್ಟೆ ಪೂರ್ತಿ ಕೆಂಪಾಗಿತ್ತು. ಕಾಲಿಗೆ ಚಪ್ಪಲಿಯಿಲ್ಲ, ಜಲ್ಲಿ ಚುಚ್ಚಿ ಅಂಗಾಲು ಒಡೆದಿತ್ತು.

"ಗಾಡಿ ಹೋತ್ರಿ ರಾಯರ" ಎಂದ.

ನೀರು ಕೊಟ್ಟು ಕೂರಿಸಿದೆ. ಅವನು ಹೇಳಿದ್ದು ಇಷ್ಟು. ಕ್ಲೀನರು ಜ್ವರ ಬಂದು ಪುಣೆಯಲ್ಲೇ ಉಳಿದಿದ್ದ. ಬೆಳಕು ಹರಿಯುವ ಹೊತ್ತಿಗೆ ಗುಡಿಯ ಹತ್ತಿರ ಬಂದ. "ಇಂಜಿನ್ ಚಾಲೂನ ಇಟ್ಟೆರಿ. ಬಂದ್ ಮಾಡಿದ್ರ ಒಬ್ಬನ ಹ್ಯಾಂಗ ಹ್ಯಾಂಡಲ್ ಹೊಡೀಲಿ? ಕಾಯಿ ಒಡದು ತಿರಗೂದ್ರಾಗ ಇಬ್ರು ಹತ್ತಿ ಕುಂತಿದ್ರು. ಓಡಿ ಬಾಗಲಾ ಹಿಡದೆ. ಅದ ಹ್ಯಾಂಡಲ್ ತಗೊಂಡು ಬೆರಳಿನ ಮ್ಯಾಲ ಹೊಡದ್ರು. ಆದ್ರೂ ಬಿಡಲಿಲ್ರಿ. ಒಂದಿಷ್ಟು ದೂರ ಎಳಕೊಂಡು ಹೋದ್ರು. ಮತ್ತೊಮ್ಮೆ ಹೊಡದ್ರು."

ಲಾರಿಯಲ್ಲಿದ್ದದ್ದು ಗುಳೇದಗುಡ್ಡದ ಖಣದ, ಅಂದರೆ ಕುಪ್ಪಸದ ಬಟ್ಟೆಯ, ಗಂಟುಗಳು. ಅವನು ಮುಲುಂಡ್ ಸ್ಟೇಷನ್ನಿನವರೆಗೆ ನಡೆದು, ಲೋಕಲ್ ಹಿಡಿದು, ದಾರಿಯಲ್ಲಿ ಯಾವ ದವಾಖಾನೆಗೂ ಹೋಗದೆ ನೇರ ಆಫೀಸಿಗೆ ಬಂದಿದ್ದ. ಮೊದಲು ಮಾಲಿಕರಿಗೆ ಹೇಳಬೇಕು ಎಂಬುದು ಅವನ ಲೆಕ್ಕ.

ಒಳಗಿನಿಂದ ಮ್ಯಾನೇಜರರು ಬಂದರು. ಉಡುಪಿ ಕಡೆಯವರು, ಒಳ್ಳೆಯ ಇಂಗ್ಲಿಷ್ ಬಲ್ಲವರು, ಅಮೆರಿಕದ ಹಳೆಯ ಪತ್ರಿಕೆಗಳನ್ನು ರದ್ದಿಯಲ್ಲಿ ಕೊಂಡು ಓದುತ್ತಿದ್ದರು. ಎಲ್ಲ ಕೇಳಿ ಹೊರಬಾಗಿಲು ಮುಚ್ಚಿದರು.

"ನೀನು ಗಾಡಿಯಿಂದ ಇಳಿದದ್ದು ಎಂತಕ್ಕೆ ಮಾರಾಯ? ಇಳಿದದ್ದು ಅಂತ ಗೊತ್ತಾದರೆ ವಿಮೆಯವರು ಒಂದು ಬಿಡಿಕಾಸು ಕೊಡುವುದಿಲ್ಲ. ನೀನು ಸೀಟಲ್ಲೇ ಇದ್ದದ್ದು. ಅವರು ಹತ್ತಿ ಚಾಕು ತೋರಿಸಿದ್ದು, ನಿನ್ನನ್ನು ಎಳೆದು ಹಾಕಿದ್ದು. ಗೊತ್ತಾಯ್ತಾ?"

"ಸುಳ್ಳು ಹೇಳಾಕ ಬರೂದಿಲ್ರಿ ನನಗ."

"ಹೇಳುವುದು ಬೇಡ. ಹೆಬ್ಬೆಟ್ಟು ಒತ್ತು, ಸಾಕು. ಉಳಿದದ್ದು ಇವ ಬರೀತಾನೆ." ನನ್ನ ಕಡೆ ತಿರುಗಿದರು. "ಕಳವು ಅಂತ ಹಾಕಬೇಡ. ಹೈಜಾಕಿಂಗ್ ಅಂತ ಹಾಕು."

ನಾನು ಆ ಪದ ಕೇಳಿರಲಿಲ್ಲ. ಅಕ್ಷರ ಅಕ್ಷರವಾಗಿ ಹೇಳಿದರು, ಬರೆದುಕೊಂಡೆ.

ತಿಳಿಯದ ಪದವನ್ನು ಟೈಪು ಮಾಡುವುದು ನನ್ನ ಸ್ವಭಾವವಲ್ಲ. ಡ್ರೈವರನ್ನು ಆಸ್ಪತ್ರೆಗೆ ಕಳಿಸಿ, ಊಟದ ವೇಳೆಯಲ್ಲಿ ಫೋರ್ಟಿನ ಒಂದು ವಾಚನಾಲಯಕ್ಕೆ ಹೋದೆ. ಹಳೆಯ ನಿಘಂಟಿನಲ್ಲಿ ಅದು ಇರಲಿಲ್ಲ. ಹೊಸದೊಂದರ ಕೊನೆಯ ಪುರವಣಿಯಲ್ಲಿ ಸಿಕ್ಕಿತು. ಅಮೆರಿಕದ ಆಡುಮಾತು, ಸಾಗಿಸುತ್ತಿರುವ ಮಾಲನ್ನು, ಮುಖ್ಯವಾಗಿ ಕಳ್ಳ ಸಾರಾಯಿಯನ್ನು, ದಾರಿಯಲ್ಲಿ ಬಲವಂತದಿಂದ ಕಸಿಯುವುದು, ಮೂಲ ತಿಳಿಯದು. ಅಲ್ಲಿ ಪಾನನಿಷೇಧವಿದ್ದ ಕಾಲದಲ್ಲಿ ಒಬ್ಬ ಕಳ್ಳನ ಲಾರಿಯನ್ನು ಇನ್ನೊಬ್ಬ ಕಳ್ಳ ತಡೆದು ದೋಚುತ್ತಿದ್ದುದಕ್ಕೆ ಆ ಹೆಸರು. 'ಸ್ಟಿಕ್ ಎಮ್ ಅಪ್ ಹೈ, ಜಾಕ್', ಅಂದರೆ ಕೈ ಮೇಲೆತ್ತು ಎಂದು ಹೆದರಿಸುತ್ತಿದ್ದುದರಿಂದ ಬಂತು ಎಂದು ಮ್ಯಾನೇಜರರು ಆಮೇಲೆ ಹೇಳಿದರು. ನಿಘಂಟು ಹಾಗೆ ಹೇಳಿರಲಿಲ್ಲ.

ಟ್ರ್ಯಾಮಿನಲ್ಲಿ ಹಿಂದಿರುಗುವಾಗ ಕನ್ನಡದಲ್ಲಿ ಇದಕ್ಕೆ ಏನು ಹೇಳಬಹುದು ಎಂದು ಯೋಚಿಸಿದೆ. ಕಳವಿನಲ್ಲಿ ಒಡೆಯ ಎದುರಿಗಿರುವುದಿಲ್ಲ. ದರೋಡೆಯಲ್ಲಿ ಇರುತ್ತಾನೆ, ಆದರೆ ಅದು ಮನೆಗೂ ಆದೀತು, ದಾರಿಹೋಕನಿಗೂ ಆದೀತು. ಅಪಹರಣ ಎಂದರೆ ಮನುಷ್ಯರನ್ನು ಒಯ್ಯುವುದು. ಓಡುತ್ತಿರುವ ಬಂಡಿಯನ್ನು, ಅದು ಹೊರಟ ದಾರಿಯನ್ನೇ ಕಸಿದುಕೊಳ್ಳುವುದಕ್ಕೆ ನಮ್ಮಲ್ಲಿ ಒಂದೇ ಮಾತು ಇರಲಿಲ್ಲ. ಬೆರಳು ಮುರಿದರೂ ಬಾಗಿಲು ಬಿಡದೆ ಜೋತುಬಿದ್ದವನಿಗೆ ಆದದ್ದನ್ನು ಹೈಜಾಕಿಂಗ್ ಎನ್ನಲು ಅಡ್ಡಿಯಿಲ್ಲ ಎಂದು ನನಗೆ ಅನಿಸಿತು. ಅವನು ಗುಡಿಗೆ ಇಳಿದದ್ದನ್ನು ಬರೆಯದಿದ್ದರೆ ಆಯಿತು. ಹಾಗೆಂದು ಸಮಾಧಾನ ಮಾಡಿಕೊಂಡೆ.

ಮಧ್ಯಾಹ್ನ ವರದಿ ಟೈಪು ಮಾಡಿದೆ. ವಿಮೆಯವರ ಫಾರ್ಮಿನಲ್ಲಿ ಹದಿನಾರು ಕಾಲಮ್ಮು. ಘಟನೆಯ ಬಗೆ: ಹೈಜಾಕಿಂಗ್. ಆಗ ಡ್ರೈವರು ಎಲ್ಲಿದ್ದ: ಸೀಟಿನಲ್ಲಿ. ಹದಿನೈದನೆಯದು, ವಾಹನದಲ್ಲಿ ಉಳಿದ ಡ್ರೈವರನ ಸ್ವಂತ ವಸ್ತುಗಳು. ಅದನ್ನು ಖಾಲಿ ಬಿಡಬಹುದಿತ್ತು, 'ಇಲ್ಲ' ಎಂದೂ ಬರೆಯಬಹುದಿತ್ತು. ಅವನ ಅಂಗಾಲು ನನ್ನ ಕಣ್ಣ ಮುಂದಿತ್ತು. 'ಚರ್ಮದ ಚಪ್ಪಲಿ, ಒಂದು ಜೊತೆ' ಎಂದು ಟೈಪು ಮಾಡಿದೆ. ಅವನು ಆಸ್ಪತ್ರೆಯಿಂದ ಬಂದು ಎಡಗೈಯ ಹೆಬ್ಬೆಟ್ಟು ಒತ್ತಿದ.

ಮೂರನೆಯ ದಿನ ಲಾರಿ ಕಾಂದಿವಲಿಯ ತಾಳೆಮರಗಳ ನಡುವೆ ಖಾಲಿಯಾಗಿ ಸಿಕ್ಕಿತು. ನಾಲ್ಕನೆಯ ದಿನ ವಿಮೆ ಕಂಪನಿಯ ತನಿಖೆಯ ಸಾಹೇಬರು ಬಂದರು. ವಯಸ್ಸಾದ ಪಾರ್ಸಿ, ಮೆಲುಮಾತಿನವರು. ನನ್ನ ವರದಿಯನ್ನು ಎರಡು ಸಲ ಓದಿ, ಹದಿನೈದನೆಯ ಕಾಲಮ್ಮಿನ ಮೇಲೆ ಬೆರಳಿಟ್ಟು ಡ್ರೈವರನ್ನು ಹಿಂದಿಯಲ್ಲಿ ಕೇಳಿದರು.

"ಚಪ್ಪಲ್ ಗಾಡೀ ಮೇ ರಹ್ ಗಯಾ?"

"ಹಾಂ ಸಾಬ್."

"ಈ ಮಾಡೆಲ್ಲಿನ ಲಾರಿಯಲ್ಲಿ ಪೆಡಲು ಕಾದ ಹಂಚಿನ ಹಾಗಿರುತ್ತದೆ. ಬರಿಗಾಲಲ್ಲಿ ಒಂದು ಮೈಲಿ ಓಡಿಸಲಾಗುವುದಿಲ್ಲ. ಚಪ್ಪಲಿ ಸೀಟಿನ ಹಿಂದಿನ ಕೊಕ್ಕೆಯಲ್ಲಿ ನೇತುಹಾಕಿದ್ದು ಸಿಕ್ಕಿತು. ಚಾಕು ತೋರಿಸಿದವರು ನಿನ್ನ ಚಪ್ಪಲಿ ಬಿಚ್ಚಿ ನೇತುಹಾಕಿದರೋ?"

ಡ್ರೈವರು ನನ್ನನ್ನು ನೋಡಿದ. ನಾನು ಟೈಪ್‌ರೈಟರನ್ನು ನೋಡಿದೆ.

ಘಾಟು ಇಳಿದವರು ಬರಿಗಾಲಲ್ಲಿ ಕಾಯಿ ಒಡೆಯುವ ಪದ್ಧತಿ ಸಾಹೇಬರಿಗೂ ಗೊತ್ತಿತ್ತು, ಅಂದೇ ಆ ಗುಡಿಗೆ ಹೋದರು. ಅಲ್ಲಿ ಹೂ ಮಾರುವ ಮುದುಕಿ, ಈ ಮನುಷ್ಯ ಪ್ರತಿ ಸಲವೂ ಇಳಿಯುತ್ತಾನೆ, ಸೋಮವಾರವೂ ಕಾಯಿ ಒಡೆದ, ಆಮೇಲೆ ಅವನನ್ನು ಲಾರಿ ಎಳೆದುಕೊಂಡು ಹೋದದ್ದನ್ನು ನೋಡಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಎಳೆದುಕೊಂಡು ಹೋದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹೆಬ್ಬೆಟ್ಟು ಒತ್ತಿದ ಹೇಳಿಕೆ ಸುಳ್ಳೆಂದಾಯಿತು. ಮ್ಯಾನೇಜರರು, ಡ್ರೈವರು ಹೇಳಿದ್ದನ್ನು ನಂಬಿ ನಾವು ಬರೆದೆವು ಎಂದರು. ಮರುದಿನ ಪೊಲೀಸರು ಅವನನ್ನು ಕರೆದೊಯ್ದರು.

ಪೊಲೀಸರ ಪ್ರಶ್ನೆ ಒಂದೇ. ಇಂಜಿನ್ ಚಾಲೂ ಬಿಟ್ಟು ಯಾಕೆ ಇಳಿದೆ? ನಿನ್ನವರೇ ಬಂದು ಒಯ್ಯಲಿ ಎಂದಲ್ಲವೇ? ಮುಂಬಯಿಯಲ್ಲೂ ಆಗ ಪಾನನಿಷೇಧವಿತ್ತು, ಲಾರಿಯಲ್ಲಿ ಕಳ್ಳ ಸಾರಾಯಿ ಎಷ್ಟಿತ್ತು ಎಂದೂ ಕೇಳಿದರಂತೆ. ಸ್ಟಾರ್ಟರು ಕೆಟ್ಟಿತ್ತು, ಮೂರು ಸಲ ಚೀಟಿ ಕೊಟ್ಟಿದ್ದೆ, ಆಫೀಸಿನಲ್ಲಿ ಕೇಳಿ ಎಂದು ಅವನು ಹೇಳಿದ. ಒಬ್ಬ ಹವಾಲ್ದಾರ ಆಫೀಸಿಗೆ ಬಂದು ಕೇಳಿದ. ಮ್ಯಾನೇಜರರು ನನ್ನನ್ನು ನೋಡದೆಯೇ ಹೇಳಿದರು: "ಅಂಥ ಚೀಟಿ ಎಂತದೂ ಬರಲಿಲ್ಲ."

ಫೈಲು ನನ್ನ ಹಿಂದಿನ ಕಪಾಟಿನಲ್ಲಿತ್ತು. ಕೀಲಿ ನನ್ನ ಕಿಸೆಯಲ್ಲಿತ್ತು. ಎದ್ದು ಮೂರು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಆಫೀಸಿನ ಕಾಗದ ಮ್ಯಾನೇಜರರ ಅಪ್ಪಣೆಯಿಲ್ಲದೆ ಹೊರಗೆ ಹೋಗಬಾರದು ಎಂಬುದು ನಿಯಮ. ನಾನು ಆ ನಿಯಮವನ್ನು ಪಾಲಿಸಿದೆ. ಹಾಗೆಂದು ನನಗೇ ಹೇಳಿಕೊಂಡೆ. ಕೆಲಸ ಹೋದೀತೆಂಬ ಹೆದರಿಕೆಗೆ ಅದು ಒಳ್ಳೆಯ ಮುಸುಕಾಗಿತ್ತು. ಸಂಜೆ ಆರಕ್ಕೆ ಟೈಪ್‌ರೈಟರ್ ಮುಚ್ಚಿ ಹೊರಟೆ.

ಸಾಕ್ಷಿ ಸಾಲದೆ ಕೆಲವು ದಿನಗಳ ಮೇಲೆ ಅವನನ್ನು ಬಿಟ್ಟರು. ಅಷ್ಟರಲ್ಲಿ ಕೈಗೆ ಸರಿಯಾದ ಔಷಧ ಬೀಳದೆ ಮೂರು ಬೆರಳು ಮಡಿಚಿದಂತೆಯೇ ಗಟ್ಟಿಯಾಗಿದ್ದವು. ಬೆರಳು ಸರಿಯಿದ್ದರೂ ಪ್ರಯೋಜನವಿರಲಿಲ್ಲ. ಗಾಡಿ ಮಾರಿಕೊಂಡ ಡ್ರೈವರು ಎಂಬ ಮಾತು ಬಂದರಿನಲ್ಲೆಲ್ಲ ಹಬ್ಬಿತ್ತು. ಯಾರೂ ಅವನ ಕೈಗೆ ಸ್ಟಿಯರಿಂಗು ಕೊಡಲಿಲ್ಲ.

ಎರಡು ವರ್ಷದ ಮೇಲೆ ಘಾಟ್ಕೋಪರ್ ಸ್ಟೇಷನ್ನಿನ ಹತ್ತಿರ ಒಂದು ಉಡುಪಿ ಹೋಟೆಲಿಗೆ ಹೋಗಿದ್ದೆ. ಟೇಬಲ್ಲು ಒರೆಸಲು ಬಂದವನು ಎಡಗೈಯಲ್ಲಿ ಒರೆಸುತ್ತಿದ್ದ. ಬಲಗೈ ಹೊಟ್ಟೆಗೆ ಒತ್ತಿಕೊಂಡಿತ್ತು. ನಾನು ಗುರುತಿಸುವ ಮೊದಲೇ ಅವನು ಗುರುತಿಸಿದ.

"ಟೈಪಿನ ರಾಯರ, ಆರಾಮಿದ್ದೀರೇನ್ರಿ?"

ಆರಾಮಿದ್ದೇನೆ ಎಂದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮಾಲಿಕ, "ಏ ಡ್ರೈವರ್, ಬ್ರೇಕ್ ಹಾಕಿ ನಿಂತ್ಯಾ? ಆ ಟೇಬಲ್ ಯಾರು ಒರೆಸೂದು?" ಎಂದ. ಉಳಿದವರು ನಕ್ಕರು. ಅವನೂ ಸ್ವಲ್ಪ ನಕ್ಕ. ಹೋಗುವ ಮುನ್ನ ಬಗ್ಗಿ, ಬಹಳ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದ.

"ಸ್ಟಾರ್ಟರಿನ ಚೀಟಿ ನಿಮ್ಮ ಕೈಯಾಗ ಕೊಟ್ಟಿದ್ನೆಲ್ರಿ. ಅವು ಕಳದು ಹೋಗಿದ್ವೇನು?"

ನಾನು ಕೆಲಸ ಮಾಡಿದಷ್ಟು ಕಾಲ ನನ್ನ ಕೈಯಿಂದ ಒಂದು ಕಾಗದವೂ ಕಳೆದುಹೋದದ್ದಿಲ್ಲ.

"ಹೌದು," ಎಂದೆ. "ಕಳೆದುಹೋಗಿದ್ದವು."

"ನನಗೂ ಹಂಗ ಅನಿಸಿತ್ರಿ" ಎಂದ. "ಇಲ್ಲಂದ್ರ ನೀವು ಕೊಡದ ಇರ್ತಿರ್ಲಿಲ್ಲ."

ಅವನು ಮುಂದಿನ ಟೇಬಲ್ಲಿಗೆ ಹೋದ.