ಗಂಜಿ ಹಿಡಿಯದ ಲಂಗ

ಈ ಬರಹದಲ್ಲಿ ಕೊರತೆಗಳಿದ್ದರೆ ಓದುಗರು ಮೊದಲೇ ಕ್ಷಮಿಸಬೇಕು. ನೃತ್ಯ ನನ್ನ ವಿಷಯವಲ್ಲ. ನಾನು ಓದಿದ್ದು ರಸಾಯನಶಾಸ್ತ್ರ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಆದ್ದರಿಂದ ಒಂದು ವಾಕ್ಯ ಬರೆದ ಮೇಲೆ ಅದು ಸರಿಯಿದೆಯೇ ಎಂದು ಯಾರನ್ನಾದರೂ ಕೇಳಬೇಕೆನ್ನುವ ಅಳುಕು ಇನ್ನೂ ಹೋಗಿಲ್ಲ. ಕೇಳಲು ಮನೆಯಲ್ಲಿ ಯಾರೂ ಇಲ್ಲವಾದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆಂದು ತಿಳಿಯಿರಿ.

ಕಳೆದ ಶನಿವಾರ ಇಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ, ನಾರ್‌ಕ್ರಾಸಿನ ಒಂದು ಸಭಾಂಗಣದಲ್ಲಿ ನಮ್ಮವರ ರಾಜ್ಯೋತ್ಸವವಿತ್ತು. ವೇದಿಕೆಯ ಹಿಂದಿನ ಕೋಣೆಯಲ್ಲಿ ಭರತನಾಟ್ಯದ ಹುಡುಗಿಯರಿಗೆ ಉಡುಗೆ ತೊಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಚಿಕ್ಕವಳಿದ್ದಾಗ ನಮ್ಮೂರ ಶಾಲೆಯಲ್ಲಿ ನೃತ್ಯವೆಂದರೆ ಯಾರದೋ ರೇಷ್ಮೆ ಸೀರೆಯನ್ನು ಕಚ್ಚೆ ಹಾಕಿ ಉಡಿಸುವುದಾಗಿತ್ತು. ಈಗ ಎಲ್ಲವೂ ಮದರಾಸಿನಿಂದ ಹೊಲಿದೇ ಬರುತ್ತದೆ. ನಡುವಿನ ಬೀಸಣಿಗೆ ನೆರಿಗೆಯೂ ಹೊಲಿದದ್ದೇ. ಒಬ್ಬ ಹುಡುಗಿಯ ಸೊಂಟದ ಪಟ್ಟಿಯನ್ನು ಬಿಗಿಮಾಡಲೆಂದು ಬಿಚ್ಚಿದೆ. ವೆಲ್ಕ್ರೋ ಪರ್ರೆಂದಿತು. ಒಳಗಿನಿಂದ ಹಳೆಯ ಬೆವರು, ಪೌಡರು, ಬಹುಕಾಲ ಮಡಿಚಿಟ್ಟ ರೇಷ್ಮೆ ಎಲ್ಲ ಸೇರಿದ ವಾಸನೆ ಬಂತು.

“ಆಂಟಿ, ಇದು ನಮ್ಮಕ್ಕಂದು. ಅದಕ್ಕೂ ಮುಂಚೆ ಇನ್ಯಾರ್ದೋ,” ಎಂದಳು ಹುಡುಗಿ.

“ವಾಷ್ ಮಾಡಿಲ್ವೇನಮ್ಮ?”

“ನೋ ಆಂಟಿ, ಮಾಡಿದ್ರೆ ಹಾಳಾಗೋಗತ್ತೆ.”

ಪಟ್ಟಿಯನ್ನು ಬಿಗಿಮಾಡಿ ಪಿನ್ನು ಚುಚ್ಚಿದೆ. ನನ್ನ ಅವ್ವ ನೆನಪಾದಳು.

ತೊಂಬತ್ತರ ದಶಕದ ಆರಂಭದಲ್ಲಿ ನಾವು ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಲ್ಲಿದ್ದೆವು: ನಾನು, ನಮ್ಮ ಯಜಮಾನರು, ಮಗಳು ಸಹನಾ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ರಾಣೇಬೆನ್ನೂರಿನಿಂದ ಕರೆಸಿಕೊಂಡೆ. ಅವಳು ಕಾಯಂ ನಮ್ಮಲ್ಲೇ ಉಳಿಯಬೇಕೆಂಬುದು ನನ್ನ ಆಸೆ. ಅವ್ವ ಮಾತ್ರ ಬಂದ ವಾರವೇ ಖಂಡಿತವಾಗಿ ಹೇಳಿದಳು: “ಬ್ಯಾಸಗಿ ತನಾ ನೋಡತೀನಿ. ಕೂಸು ನನ್ನ ಹಚ್ಚಿಕೊಂಡರ ಇಲ್ಲೇ ಇರತೀನಿ. ಇಲ್ಲಾಂದ್ರ ನಿನ್ನ ತಮ್ಮನ ಮನೀಗೆ ಹೋಗತೀನಿ. ಆಮ್ಯಾಲೆ ಅಳಬ್ಯಾಡ.”

ಕೂಸಿಗೆ ಆಗ ಹತ್ತು ವರ್ಷ. ಅಜ್ಜಿಗೆ ಇಂಗ್ಲಿಷ್ ಬರದು, ಮೊಮ್ಮಗಳ ಕನ್ನಡ ‘ಬೇಕು, ಬೇಡ’ಗಳನ್ನು ದಾಟದು. ಇಬ್ಬರ ನಡುವೆ ಇದ್ದದ್ದು ಬಟ್ಟೆ. ಅವ್ವ ಬಾಳಿದ ಮನೆಗಳಲ್ಲೆಲ್ಲ ಎಲ್ಲರ ಬಟ್ಟೆಯೂ ಅವಳ ಕೈಯಿಂದಲೇ ಹಾದುಹೋಗಬೇಕು. ವಾಷಿಂಗ್ ಮಶೀನನ್ನು ಅವಳು ನಂಬಲಿಲ್ಲ. “ಮುಚ್ಚಳಾ ಮುಚ್ಚಿಕೊಂಡು ಒಳಗ ಏನ ಮಾಡತೈತೋ, ಯಾರ ಕಂಡಾರ?” ಎನ್ನುವಳು. ಬಾತ್‌ಟಬ್ಬಿನಲ್ಲಿ ಒಗೆದು, ಹೀಟರಿನ ಬಳಿ ಒಣಗಿಸಿ, ಬೆಚ್ಚಗಿನ ಕಾಲುಚೀಲಗಳನ್ನು ಬೆಳಿಗ್ಗೆ ಸಹನಾಳ ಹಾಸಿಗೆಯ ಮೇಲೆ ಇಡುತ್ತಿದ್ದಳು. ಸಹನಾ ಅವನ್ನು ಕೆನ್ನೆಗೆ ಒತ್ತಿಕೊಂಡು “ಅಜ್ಜಿ, ವಾರ್ಮ್!” ಎನ್ನುವಳು. ಅವ್ವನೂ ಅದನ್ನೇ ಕಲಿತು, “ವಾರಮ್ಮಾ, ಏಳು,” ಎಂದು ಎಬ್ಬಿಸತೊಡಗಿದಳು. ಇವಳು ಉಳಿಯುತ್ತಾಳೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದೆ.

ಸಹನಾ ಬ್ಯಾಲೆ ಕಲಿಯುತ್ತಿದ್ದಳು. ಆ ಶಾಲೆಯ ಮೊಗಸಾಲೆಯಲ್ಲಿ ಕಾಯುವ ತಾಯಂದಿರ ಮಾತು ನನಗೆ ತಿಳಿಯುತ್ತಿರಲಿಲ್ಲ. ತಿಳಿಯದ್ದನ್ನು ಕೇಳಲು ನಾಚಿಕೆ. ಹಾಗಾಗಿ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತಂದೆ. ಹೊಸ ಊರಿನಲ್ಲಿ ಜನ ಸ್ನೇಹ ಬೆಳೆಸುತ್ತಾರೆ, ನಾನು ಪರೀಕ್ಷೆಗೆ ಓದುತ್ತೇನೆ. ಟುಟು, ಅಂದರೆ ಬ್ಯಾಲೆಯವರು ಸೊಂಟಕ್ಕೆ ತೊಡುವ ಪದರುಪದರಾದ ನೆಟ್ಟಿನ ಲಂಗ, ಅದರ ಚರಿತ್ರೆಯನ್ನು ಆ ಮೊಗಸಾಲೆಯ ಯಾವ ತಾಯಿಗಿಂತಲೂ ಹೆಚ್ಚಾಗಿ ಅರಿತೆ. ಮೊದಲು ನರ್ತಕಿಯರ ಲಂಗ ನೆಲ ಗುಡಿಸುತ್ತಿತ್ತಂತೆ. ಪಾದಗಳ ಕೆಲಸ ಕಾಣಲೆಂದು ಒಬ್ಬಾಕೆ ಅದನ್ನು ಹಿಮ್ಮಡಿಯ ಮೇಲಕ್ಕೆ ಏರಿಸಿದಾಗ ಊರೆಲ್ಲ ಗುಲ್ಲು. ಮುಂದಿನ ಶತಮಾನದಲ್ಲಿ ಮೀನಖಂಡದವರೆಗೆ ಇಳಿಬಿದ್ದ ಬಿಳಿಯ ಮಸ್ಲಿನ್ ಬಂತು. ಕಾಲಿನ ವಿದ್ಯೆ ಬೆಳೆದಷ್ಟೂ ಲಂಗ ಮೇಲೇರಿ, ಕೊನೆಗೆ ಒಳಗೊಂದು ತಂತಿಯ ಬಳೆ ಸೇರಿ, ತಟ್ಟೆಯ ಹಾಗೆ ಅಡ್ಡಡ್ಡ ನಿಂತಿತು.

ಓದಿದ್ದನ್ನು ಅಡುಗೆಮನೆಯಲ್ಲಿ ಅವ್ವನಿಗೆ ಹೇಳುತ್ತಿದ್ದೆ. ವೇದಿಕೆಯಂಚಿನ ಗ್ಯಾಸ್ ದೀಪ ತಗುಲಿ ಎಷ್ಟೋ ನರ್ತಕಿಯರು ಸುಟ್ಟು ಸತ್ತರೆಂದೂ, ಬೆಂಕಿ ಹಿಡಿಯದಂತೆ ಬಟ್ಟೆಯನ್ನು ಔಷಧಿಯಲ್ಲಿ ಅದ್ದುವ ಉಪಾಯವಿದ್ದರೂ ಬಿಳುಪು ಮಂಕಾಗುತ್ತದೆಂದು ಕೆಲವರು ಒಲ್ಲೆನೆಂದರೆಂದೂ ಹೇಳಿದಾಗ, ಅವ್ವ ಲಟ್ಟಣಿಗೆ ನಿಲ್ಲಿಸಿದಳು.

“ಚಂದ ಕಾಣಾಕ ಜೀವಾ ಕೊಟ್ರು ಅನ್ನು. ಹುಚ್ಚ ಹುಡುಗ್ಯಾರು.” ಮತ್ತೆ ಲಟ್ಟಿಸುತ್ತ ಕೇಳಿದಳು, “ಅಲ್ಲವಾ, ಅಷ್ಟ ತೆಳು ಅರಿವಿ ಹಂಗ ಸೆಟದ ನಿಂದರತಿದ್ದದ್ದು ಹೆಂಗ?”

“ಆಗೆಲ್ಲ ಗಂಜಿ ಹಾಕುತ್ತಿದ್ದರಂತೆ, ಅವ್ವ.”

“ಹಂಗ ಹೇಳು ಮತ್ತ! ನಮ್ಮ ನೂಲಿನ ಸೀರೀಗತೆ.”

ಆ ಚಳಿಗಾಲದ ಪ್ರದರ್ಶನದಲ್ಲಿ ಹಿಮದ ಹುಡುಗಿಯರ ಸಾಲಿಗೆ ಸಹನಾ ಆಯ್ಕೆಯಾದಳು. ಶಾಲೆಯವರು ಸೂಚಿಸಿದ್ದ ‘ಮೈಬಣ್ಣದ’ ಟೈಟ್ಸ್ ಎಂಬ ಬಿಗಿಯಾದ ಉದ್ದ ಕಾಲುಚೀಲ ಕೊಂಡು ತಂದೆ. ಅದು ತಿಳಿಗುಲಾಬಿ. ಅವ್ವ ಅದರೊಳಗೆ ಕೈ ತೂರಿಸಿ, ಬೆಳಕಿಗೆ ಹಿಡಿದು, “ಇದು ಯಾರ ಮೈ ಬಣ್ಣಾನ? ನಮ್ಮ ಕೂಸಿಂದಂತೂ ಅಲ್ಲ,” ಎಂದಳು. ಸಹನಾಳ ಗೋಧಿಬಣ್ಣದ ತೋಳಿನ ಪಕ್ಕದಲ್ಲಿ ಆ ಕಾಲು ಬೇರೆ ಯಾರದೋ ಎನ್ನುವಂತೆಯೇ ಕಂಡಿತು. ಆದರೂ ನಿಯಮವೆಂದರೆ ನಿಯಮ, ಅದನ್ನೇ ತೊಡಿಸಿದೆ.

ಟುಟುವನ್ನು ಶಾಲೆಯೇ ಕೊಟ್ಟಿತು. ಪ್ರದರ್ಶನದ ಹಿಂದಿನ ದಿನ ಸಹನಾ ಅದನ್ನು ತಲೆಕೆಳಗಾಗಿ, ಹೂವಿನ ಬುಟ್ಟಿ ತರುವಂತೆ ಎರಡು ಕೈಯಲ್ಲಿ ತಂದಳು. ವರ್ಷಗಳಿಂದ ಎಷ್ಟೋ ಹುಡುಗಿಯರು ತೊಟ್ಟದ್ದು. ಒಳಗಿನ ಪಟ್ಟಿಯಲ್ಲಿ ಅವರ ಹೆಸರುಗಳು ಒಂದರ ಕೆಳಗೊಂದು ಇದ್ದವು. ಅವ್ವ ಮೂಸಿ ನೋಡಿ ಮುಖ ಕಿವಿಚಿದಳು. “ಊರ ಮಂದಿ ಬೆವರು ನಮ್ಮ ಹುಡುಗಿ ಮೈಮ್ಯಾಲ?” ಎಂದಳು. ಎಲ್ಲರೂ ಹಾಗೆಯೇ ತೊಡುತ್ತಾರಂತೆ ಎಂದು ಹೇಳಿ, ನಾನು ಸಹನಾಳನ್ನು ಕರೆದುಕೊಂಡು ಕೂದಲಿನ ಪಿನ್ನು ತರಲು ಅಂಗಡಿಗೆ ಹೋದೆ.

ಹಿಂದಿರುಗಿದಾಗ ಮನೆಯಲ್ಲೆಲ್ಲ ಅನ್ನ ಬಸಿದ ವಾಸನೆ. ಟುಟು ಬಾತ್‌ಟಬ್ಬಿನ ಮೇಲೆ ನೇತಾಡುತ್ತಿತ್ತು. ನೆಟ್ಟಿನ ಪದರಗಳು ಒಂದಕ್ಕೊಂದು ಅಂಟಿ, ಒದ್ದೆ ಕೋಳಿಯ ರೆಕ್ಕೆಯಂತೆ ಜೋತುಬಿದ್ದಿದ್ದವು. ತಂತಿ ಸೊಟ್ಟಗಾಗಿತ್ತು. ಬೆಳ್ಳಿಯ ಹೊಳಪು ಕಳಚಿ ನೀರಿನಲ್ಲಿ ತೇಲುತ್ತಿತ್ತು. ಅವ್ವ ಸೆರಗು ಸಿಕ್ಕಿಸಿಕೊಂಡು ಎದುರು ನಿಂತಿದ್ದಳು.

“ಒಣಗಲಿ ತಡಿ, ಸೆಟದ ನಿಂದರತೈತಿ. ನೀನಽ ಹೇಳಿದ್ದೆಲ್ಲ, ಗಂಜಿ ಹಾಕತಿದ್ರಂತ?”

ಅದು ನೂಲಿನ ಕಾಲದ ಮಾತು. ಇದು ನೈಲಾನು, ಗಂಜಿ ಹಿಡಿಯುವುದಿಲ್ಲ. ಆ ರಸಾಯನಶಾಸ್ತ್ರ ನನಗೆ ಚೆನ್ನಾಗಿಯೇ ಗೊತ್ತಿತ್ತು. ಟುಟುವನ್ನು ನೀರಿಗೆ ಹಾಕುವುದೇ ಇಲ್ಲ, ಒಳಪಟ್ಟಿಯನ್ನು ಒರೆಸಿ ತಲೆಕೆಳಗಾಗಿ ತೂಗುಹಾಕುತ್ತಾರೆ ಎಂಬುದನ್ನು ಮಾತ್ರ ನಾನು ತಂದ ಯಾವ ಪುಸ್ತಕವೂ ಬರೆದಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆಯುತ್ತಾರೆ?

ಸಹನಾ ಕಿರುಚಲಿಲ್ಲ. ಬಾಗಿಲಲ್ಲಿ ನಿಂತು ನೋಡಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಶಾಲೆಯವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಬೇರೆ ಟುಟು ಇರಲಿಲ್ಲ. ಪೆಟ್ಟಿಗೆಯಲ್ಲಿದ್ದ ಒಂದು ಹಳೆಯ ಉದ್ದಲಂಗ ತೊಡಿಸಿದರು. ಸಾಲಿನಲ್ಲಿ ಒಂದೇ ಉದ್ದಲಂಗ ಎದ್ದು ಕಾಣುತ್ತದೆಂದು ಸಹನಾಳನ್ನು ಸಾಲಿನಿಂದ ತೆಗೆದು, ವೇದಿಕೆಯ ಮೂಲೆಯಲ್ಲಿ ಕೈಗೆ ಕಂದೀಲು ಕೊಟ್ಟು ನಿಲ್ಲಿಸಿದರು. ನೃತ್ಯ ಮುಗಿಯುವವರೆಗೂ ಅವಳು ಕದಲಲಿಲ್ಲ. ಅವ್ವ ನನ್ನ ಪಕ್ಕದಲ್ಲಿ ಕುಳಿತು, “ನಮ್ಮದು ಯಾವಾಗ ಕುಣಿಯೂದು?” ಎಂದು ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳಲಿಲ್ಲ.

ಕಾರಿನಲ್ಲಿ ಸಹನಾ ಕಿಟಕಿಯತ್ತ ಮುಖ ಮಾಡಿ ಹೇಳಿದಳು: “ಅಮ್ಮಾ, ಪ್ಲೀಸ್ ಟೆಲ್ ಹರ್, ನಾಟ್ ಟು ಟಚ್ ಮೈ ಸ್ಟಫ್ ಎನಿಮೋರ್. ನಥಿಂಗ್. ನಾಟ್ ಈವನ್ ಮೈ ಸಾಕ್ಸ್.”

“ಏನಂದಳು?” ಹಿಂದಿನ ಸೀಟಿನಿಂದ ಅವ್ವ.

“ದಣಿವಾಗಿದೆಯಂತೆ.”

“ಅಷ್ಟುದ್ದ ಮಾತಿಗೆ ಇಷ್ಟಽ ಅರ್ಥ ಏನು?” ಎಂದಳು ಅವ್ವ. ಯಜಮಾನರು ವೈಪರ್ ಹಾಕಿದರು. ಹೊರಗೆ ಮಳೆಯಿರಲಿಲ್ಲ.

ಅರ್ಥ ಅವ್ವನಿಗೆ ಆಗಿತ್ತು. ಮರುದಿನದಿಂದ ತನ್ನ ಸೀರೆಗಳನ್ನಷ್ಟೇ ಒಗೆದುಕೊಂಡಳು. ಡ್ರೈಯರಿನಿಂದ ತೆಗೆದ ನಮ್ಮ ಬಟ್ಟೆಗಳು ಸೋಫಾದ ಮೇಲೆ ರಾಶಿಯಾಗಿ ಬಿದ್ದಿದ್ದರೂ ಅತ್ತ ಕೈ ಚಾಚಲಿಲ್ಲ. ಅಂಗೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಹಿಮ ನೋಡುತ್ತ ಕೂರುವಳು. ನಾನು ಸಹನಾಳಿಗೆ ತಿಳಿಹೇಳಿದೆ, ಗದರಿದೆ. ಒಂದು ಸಂಜೆ ಅವಳು ಅಜ್ಜಿಯ ಬಳಿ ಹೋಗಿ “ಸಾರಿ ಅಜ್ಜಿ” ಎಂದಳು. ಅವ್ವ ಅವಳ ತಲೆ ಸವರಿದಳು. ಅವಳ ಅಂಗಿಯನ್ನು ಮಾತ್ರ ಮುಟ್ಟಲಿಲ್ಲ.

“ಸಿಟ್ಟಿಲ್ಲವಾ,” ಎಂದಳು ನನಗೆ. “ಕೂಸು ನನ್ನ ಹಚ್ಚಿಕೊಂಡಿತ್ತು, ಅದೂ ಖರೇ. ಆದ್ರ ಕೈ ಕಟ್ಟಿಕೊಂಡ ಕುಂದ್ರೂದು ನನಗ ಬರೂದಿಲ್ಲ. ಟಿಕೀಟ ತೆಗಸು.”

ಬೇಸಿಗೆಗೆ ಕಾಯದೆ ಅವ್ವ ಹೊರಟಳು. ತಮ್ಮನ ಮನೆಯಲ್ಲಿ, ಅವನ ಮಕ್ಕಳ ಬಟ್ಟೆಗಳ ನಡುವೆ, ಎರಡು ವರ್ಷ ಬದುಕಿ ತೀರಿಕೊಂಡಳು. ನಾನೊಬ್ಬಳೇ ಹೋಗಿಬಂದೆ, ಸಹನಾಳಿಗೆ ಪರೀಕ್ಷೆಯಿತ್ತು.

ಅನಂತರ ನಮ್ಮ ಕುಟುಂಬದಲ್ಲಿ ಆದ ಬದಲಾವಣೆಗಳು ಇಷ್ಟು. ಸಹನಾ ಬ್ಯಾಲೆ ಬಿಟ್ಟಳು, ಬೇರೆ ಯಾವ ನೃತ್ಯವನ್ನೂ ಕಲಿಯಲಿಲ್ಲ. ಯಜಮಾನರ ಕೆಲಸದ ನಿಮಿತ್ತ ನಾವು ಜಾರ್ಜಿಯಾಕ್ಕೆ ಬಂದೆವು. ಅವ್ವನೊಡನೆ ಮಾತಾಡಲೆಂದು ಮನೆಯಲ್ಲಿ ನಡೆಯುತ್ತಿದ್ದ ಕನ್ನಡ, ಅವಳಿಲ್ಲದೆ ನಿಂತಿತು. ಸಹನಾ ಈಗ ಮನೆಗೆ ಬಂದಾಗಲೂ ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳುತ್ತಾಳೆ, ಯಜಮಾನರು ಅವರದನ್ನು, ನಾನು ನನ್ನದನ್ನು. ಒಬ್ಬರ ಬಟ್ಟೆಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ.